ರಾತ್ರಿ ರೈಲು ಮತ್ತು ನಮ್ಮ ಹಲಗಿ

ನಮ್ಮ ಮನೆಯ ಹಿತ್ತಲ ಕಡೆಯ ಗೋಡೆಯ ಗೂಟಕ್ಕೆ ಒಂದು ಹಲಗಿ ತೂಗುಬಿದ್ದಿದೆ. ಅದು ಅಜ್ಜನದು. ಅಜ್ಜ ಸತ್ತ ಮೇಲೆ ಅಪ್ಪ ಅದನ್ನು ಗೂಟಕ್ಕೆ ಹಾಕಿದ. ಆವತ್ತಿನಿಂದ ತಾನೂ ಇಳಿಸಿಲ್ಲ, ನಮಗೂ ಇಳಿಸಗೊಟ್ಟಿಲ್ಲ. "ಅದು ನಮ್ಮ ಹೊಟ್ಟಿ ತುಂಬಿಸಿದ್ದು ಖರೆ. ನಮ್ಮ ಮಾನ ತಿಂದದ್ದೂ ಅದ ಐತಿ" ಅನ್ನುವುದು ಅವನ ಮಾತು. ಅಜ್ಜ ಸುತ್ತಲಿನ ಊರುಗಳಲ್ಲಿ ದೊಡ್ಡ ಮನೆಗಳ ಹೆಣದ ಮುಂದೆ ಬಾರಿಸಿದ, ತೇರಿನ ಮುಂದೆ ಬಾರಿಸಿದ, ಡಂಗುರ ಸಾರಿದ. ತೇರು ಗುಡಿ ಮುಟ್ಟಿದ ಕೂಡಲೇ ಹಿಂದೆ ಸರಿದು ನಿಂತ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯ ಬೇಡಿದ. ನಮಗೆ ಪದವಿಯ ಸರ್ಟಿಫಿಕೇಟು ಬಂದಾಗ ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಅದೇ ಗೋಡೆಯ ಒಳಮೈಗೆ ಮೊಳೆ ಹೊಡೆದ. ಗೋಡೆಯ ಹೊರಮೈಗೆ ಹಲಗಿ, ಒಳಮೈಗೆ ಸರ್ಟಿಫಿಕೇಟು. ನಮ್ಮ ಮನೆಯ ಮೂರು ತಲೆಮಾರಿನ ಚರಿತ್ರೆ ಅಷ್ಟೇ.

ಈ ಹಲಗಿಯ ಪ್ರಶ್ನೆ ನಮ್ಮ ನಡುವೆ ಮತ್ತೆ ಎದ್ದದ್ದು ಒಂದು ವಿಚಿತ್ರ ದಾರಿಯಿಂದ. ನಮ್ಮ ಓಣಿಯ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಕೆಲಸ ಮಾಡುತ್ತಾನೆ. ಒಂದು ರಾತ್ರಿ ದೊಡ್ಡ ಹೋಟೆಲೊಂದರ ಬಾಗಿಲ ಹೊರಗೆ ಪೊಟ್ಟಣಕ್ಕೆ ಕಾಯುತ್ತಾ ನಿಂತಾಗ ಒಳಗಿನಿಂದ ಒಂದು ವಾದ್ಯ ಸಂಗೀತ ಕೇಳಿಬಂತು. ಒಳಗೆ ಹೋಗಿ ಕೂಡುವ ಹಾಗಿರಲಿಲ್ಲ. ಮೊಬೈಲನ್ನೇ ಬಾಗಿಲ ಕಡೆ ಹಿಡಿದು ಅದರ ಹೆಸರು ಪತ್ತೆ ಮಾಡಿದ. 'ನೈಟ್ ಟ್ರೇನ್', ಆಸ್ಕರ್ ಪೀಟರ್ಸನ್ ಟ್ರಯೊ. ರಾತ್ರಿ ರೈಲು ಅನ್ನುವ ಹೆಸರು ಅವನಿಗೆ ಹಿಡಿಸಿತು. ಅವನೂ ಪ್ರತಿ ಸಲ ರಾತ್ರಿ ರೈಲಿಗೇ ಹಾವೇರಿಗೆ ಬಂದಿಳಿಯುವವನು. ಹೋಳಿಹುಣ್ಣಿಮೆಗೆ ಅಗಡಿಗೆ ಬಂದಾಗ ಓಣಿಯ ಕಟ್ಟೆಯ ಮೇಲೆ ಒಂದು ಸಣ್ಣ ಸ್ಪೀಕರ್ ಇಟ್ಟು ಅದನ್ನು ಪೂರ್ತಿ ಕೇಳಿಸಿದ. ನಾವು ಏಳೆಂಟು ಮಂದಿ ಇದ್ದೆವು. ಅಪ್ಪ ಬೀಡಿ ಸೇದುತ್ತಾ ದೂರ ಕೂತಿದ್ದ. ಎಲ್ಲ ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಬಾರಿಸಿದಾವ್ರಿಗೆ ಕೂಲಿ ಕೊಟ್ಟಿದ್ರೇನು?"

ನಾವು ನಕ್ಕೆವು. ಆಮೇಲೆ ನಗು ನಿಂತಿತು. ಸಂಗೀತದ ಚರಿತ್ರೆ ಬರೆದ ದೊಡ್ಡ ದೊಡ್ಡ ಪಂಡಿತರು ರಾಗ ಕೇಳಿದ್ದಾರೆ, ತಾಳ ಕೇಳಿದ್ದಾರೆ, ಘರಾಣೆ ಕೇಳಿದ್ದಾರೆ. ಕೂಲಿ ಎಷ್ಟು ಅಂತ ಕೇಳಿದವರು ಕಡಿಮೆ. ಹೆಣದ ಮುಂದೆ ಬಿಟ್ಟಿ ಬಾರಿಸಿದವನ ಮಗನಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಈ ಲೇಖನ ಆ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರ.

ಮೊದಲು ನಾವು ಕೇಳಿದ್ದೇನು ಅಂತ ಹೇಳಬೇಕು. ಟ್ರಯೊ ಅಂದರೆ ಮೂವರ ಮೇಳ. ಪಿಯಾನೊ ಬಾರಿಸಿದವರು ಆಸ್ಕರ್ ಪೀಟರ್ಸನ್. ಬಾಸ್ ಎಂಬ ಆಳೆತ್ತರದ ತಂತಿವಾದ್ಯ ಮೀಟಿದವರು ರೇ ಬ್ರೌನ್. ಡ್ರಮ್ ಬಾರಿಸಿದವರು ಎಡ್ ಥಿಗ್ಪೆನ್. ಮೂವರೂ ಕಪ್ಪುಜನ. 1962ರ ಡಿಸೆಂಬರಿನಲ್ಲಿ ಎರಡು ದಿನ ಲಾಸ್ ಏಂಜಲೀಸಿನಲ್ಲಿ ಕೂತು ಇದನ್ನು ಮುದ್ರಿಸಿದರು. 1963ರಲ್ಲಿ ವರ್ವ್ ಕಂಪನಿ ಹೊರತಂದಿತು. ಹನ್ನೊಂದು ತುಣುಕುಗಳಿವೆ. ಮೊದಲನೆಯದು ಡ್ಯೂಕ್ ಎಲಿಂಗ್ಟನ್ನರ 'ಸಿ ಜಾಮ್ ಬ್ಲೂಸ್'. ಅದರ ಪಲ್ಲವಿಯಲ್ಲಿ ಇರುವುದು ಎರಡೇ ಸ್ವರ. ಕೇಳಿದ ಕೂಡಲೇ ನಮ್ಮಲ್ಲೊಬ್ಬ, "ಹಲಗಿಗೂ ಎರಡ ಕಡ್ಡಿ, ಎರಡ ಪೆಟ್ಟಲ್ಲೋ" ಅಂದ. ಬಲಗೈಯ ಗಿಡ್ಡ ದಪ್ಪ ಕೋಲು ಒಂದು ಮಾತು ಹೇಳುತ್ತದೆ, ಎಡಗೈಯ ಸಪೂರ ಕಡ್ಡಿ ಅದಕ್ಕೆ ಎದುರು ಮಾತು ಹೇಳುತ್ತದೆ. ಎರಡು ಪೆಟ್ಟಿನಲ್ಲೇ ಮದುವೆ, ಮರಣ, ಜಾತ್ರೆ, ಹೋಳಿ ಎಲ್ಲವನ್ನೂ ಬೇರೆ ಬೇರೆ ನುಡಿಸಿದವರು ನಮ್ಮ ಹಿರಿಯರು. ಎರಡು ಸ್ವರದಿಂದ ಒಂದು ಊರು ಕಟ್ಟಬಹುದು ಅನ್ನುವುದು ನಮಗೆ ಹೊಸ ಸುದ್ದಿಯಲ್ಲ.

ಎಡ್ ಥಿಗ್ಪೆನ್ ಹಲವು ಕಡೆ ಕೋಲು ಬಿಟ್ಟು ತಂತಿಯ ಕುಂಚದಿಂದ ಡ್ರಮ್ ಸವರುತ್ತಾರೆ. ಆ ಸದ್ದು ನಮ್ಮ ಅವ್ವಂದಿರು ಮೊರದಲ್ಲಿ ಜೋಳ ಕೇರುವ ಸದ್ದಿನಂತಿತ್ತು. ಬ್ಯಾಡಗಿಯ ಪೇಟೆಯಲ್ಲಿ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಕೈ ಒಣಗಿದ ಕಾಯಿಯ ರಾಶಿಯೊಳಗೆ ಆಡುವಾಗಲೂ ಹೀಗೇ ಸರಸರ ಅನ್ನುತ್ತದೆ. ದುಡಿಯುವ ಕೈಗೆ ತಾಳ ಯಾರೂ ಕಲಿಸಬೇಕಾಗಿಲ್ಲ. ಇನ್ನೊಂದು ಸಂಗತಿ ನಮಗೆ ತಟ್ಟಿತು. ಈ ಮೂವರಲ್ಲಿ ಯಾರೂ ಯಾರ ಆಳಲ್ಲ. ಪಿಯಾನೊ ಹಿಂದೆ ಸರಿದು ಬಾಸಿಗೆ ದಾರಿ ಬಿಡುತ್ತದೆ. ಬಾಸ್ ಮಾತಾಡುವಾಗ ಡ್ರಮ್ ದನಿ ತಗ್ಗಿಸಿ ಕೇಳಿಸಿಕೊಳ್ಳುತ್ತದೆ. ನಮ್ಮ ಊರ ಮೆರವಣಿಗೆಗಳಲ್ಲಿ ಹಲಗಿಯವನು ಎಲ್ಲರಿಗಿಂತ ಮುಂದೆ ನಡೆಯುತ್ತಾನೆ, ಆದರೆ ಅವನನ್ನು ಯಾರೂ ನೋಡುವುದಿಲ್ಲ.

ಈಗ ಈ ಪೀಟರ್ಸನ್ ಯಾರು? ಅವರು ಹುಟ್ಟಿದ್ದು 1925ರ ಆಗಸ್ಟ್ 15ರಂದು, ಕೆನಡಾದ ಮಾಂಟ್ರಿಯಲ್ ನಗರದಲ್ಲಿ. ತಂದೆ ತಾಯಿ ಕೆರಿಬಿಯನ್ ದ್ವೀಪಗಳಿಂದ ಹೊಟ್ಟೆಪಾಡಿಗೆ ಬಂದವರು. ತಾಯಿ ಮನೆಗೆಲಸದಾಕೆ. ತಂದೆ ಡೇನಿಯಲ್ ಕೆನಡಿಯನ್ ಪೆಸಿಫಿಕ್ ರೈಲ್ವೆಯಲ್ಲಿ ಪೋರ್ಟರ್. ಪೋರ್ಟರ್ ಅಂದರೆ ನಮ್ಮ ಸ್ಟೇಶನ್ನಿನ ಹಮಾಲನಂತೆ ಗಂಟು ಹೊತ್ತು ಇಳಿಸುವವನಷ್ಟೇ ಅಲ್ಲ. ರಾತ್ರಿ ಮಲಗುವ ಬೋಗಿಯಲ್ಲಿ ಬಿಳಿಯ ಪ್ರಯಾಣಿಕರಿಗೆ ಹಾಸಿಗೆ ಹಾಸುವವನು, ಬೂಟು ಒರೆಸುವವನು, ಮಕ್ಕಳು ಅತ್ತರೆ ಎತ್ತಿಕೊಳ್ಳುವವನು, ಎಲ್ಲರೂ ಮಲಗಿದ ಮೇಲೂ ಎಚ್ಚರ ಇರುವವನು.

ಈ ಕೆಲಸದ ಹಿಂದೆ ಒಂದು ಚರಿತ್ರೆ ಇದೆ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದದ್ದು 1865ರಲ್ಲಿ. ಅದಾದ ಎರಡು ಮೂರು ವರ್ಷಗಳಲ್ಲೇ ಜಾರ್ಜ್ ಪುಲ್‌ಮನ್ ಎಂಬ ಬಂಡವಾಳಗಾರ ತನ್ನ ಮಲಗುವ ಬೋಗಿಗಳ ಚಾಕರಿಗೆ ಬಿಡುಗಡೆಯಾದ ಗುಲಾಮರನ್ನೇ ಹುಡುಕಿ ತೆಗೆದುಕೊಂಡ. ಯಾಕೆ? ಕಡಿಮೆ ಕೂಲಿಗೆ ದುಡಿಯುತ್ತಾರೆ, ಬಾಗಿ ಅಭ್ಯಾಸ ಇದೆ ಅಂತ. ಪ್ರಯಾಣಿಕರು ಪ್ರತಿ ಪೋರ್ಟರನನ್ನೂ 'ಜಾರ್ಜ್' ಅಂತಲೇ ಕರೆಯುತ್ತಿದ್ದರು. ಗುಲಾಮನಿಗೆ ಧಣಿಯ ಹೆಸರೇ ಹೆಸರು ಎಂಬ ಹಳೇ ರೂಢಿ ರೈಲು ಹತ್ತಿ ಬಂದಿತ್ತು. ಹೆಂಡತಿ ಮಕ್ಕಳು ಇಟ್ಟುಕೊಂಡ ಗಂಡಸಿಗೆ ಅವನ ಹೆಸರೇ ಇಲ್ಲ! ನಮ್ಮ ಅಜ್ಜನನ್ನು ಅವನ ಮೊಮ್ಮಕ್ಕಳ ವಯಸ್ಸಿನ ಹುಡುಗರು ಹೆಸರಿನ ಬಾಲ ಕತ್ತರಿಸಿ "ಏ" ಸೇರಿಸಿ ಕರೆದದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಹಾಗಾಗಿ 'ಜಾರ್ಜ್' ಅನ್ನುವ ಕೂಗು ನಮಗೆ ಅರ್ಥವಾಗಲು ಇಂಗ್ಲಿಷು ಬೇಕಾಗಲಿಲ್ಲ.

ಡೇನಿಯಲ್ ಪೀಟರ್ಸನ್ ತಾನಾಗಿಯೇ ಪಿಯಾನೊ ಕಲಿತವರು. ರೈಲಿನ ಮೇಲೆ ಹೊರಡುವ ಮುಂಚೆ ಮಕ್ಕಳಿಗೆಲ್ಲ ಪಾಠ ಹೇಳಿ ಹೋಗುತ್ತಿದ್ದರು. ವಾಪಸು ಬಂದ ದಿನ ಒಬ್ಬೊಬ್ಬರನ್ನೇ ಕೂಡಿಸಿ ಒಪ್ಪಿಸಿಕೊಳ್ಳುತ್ತಿದ್ದರು. ಅಕ್ಕ ಡೇಸಿ ತಮ್ಮನಿಗೆ ಕಲಿಸಿದರು. ಆಸ್ಕರ್ ಮೊದಲು ತುತ್ತೂರಿ ಊದುತ್ತಿದ್ದ ಹುಡುಗ. ಎಳವೆಯಲ್ಲೇ ಕ್ಷಯ ತಗುಲಿ ಊದುವುದು ಬಿಟ್ಟು ಪಿಯಾನೊಗೆ ಕೂತರು. ಹದಿನಾಲ್ಕನೇ ವಯಸ್ಸಿಗೆ ಕೆನಡಾದ ರೇಡಿಯೋದ ರಾಷ್ಟ್ರೀಯ ಸ್ಪರ್ಧೆ ಗೆದ್ದರು. ಹುಡುಗನಿಗೆ ಅಹಂಕಾರ ಬರುತ್ತಿದೆ ಅನ್ನಿಸಿದಾಗ ತಂದೆ ಆರ್ಟ್ ಟೇಟಮ್ ಎಂಬ ಕುರುಡ ಮಹಾವಾದಕನ ರೆಕಾರ್ಡು ತಂದು ಕೇಳಿಸಿದರಂತೆ. ಕೇಳಿದ ಹುಡುಗ ಕೆಲವು ವಾರ ಪಿಯಾನೊ ಮುಟ್ಟಲೇ ಇಲ್ಲ. ರಾತ್ರಿ ಬೇರೆಯವರ ಹಾಸಿಗೆ ಹಾಸಿದ ಮನುಷ್ಯ ಹಗಲು ತನ್ನ ಮಕ್ಕಳಿಗೆ ಇಷ್ಟು ಕಟ್ಟುನಿಟ್ಟಿನ ವಿದ್ಯೆ ಕಲಿಸುತ್ತಾನೆ. ನಮ್ಮ ಅಪ್ಪ ಹಮಾಲಿ ಮುಗಿಸಿ ಬಂದು, ತನಗೆ ಓದಲು ಬಾರದಿದ್ದರೂ ನಮ್ಮ ಮುಂದೆ ಪುಸ್ತಕ ತೆರೆಸಿ ಕಂದೀಲಿನ ಪಕ್ಕ ಕೂತಿರುತ್ತಿದ್ದದ್ದು ನೆನಪಾಗುತ್ತದೆ.

ರೈಲಿನ ಮಾತು ಬಂತು. ನಮ್ಮ ಸೀಮೆಯ ಹಳಿಗಳ ಕತೆಯನ್ನೂ ಹೇಳಬೇಕು. 1876-78ರ ಘೋರ ಬರದ ನಂತರ, ಮತ್ತೊಮ್ಮೆ ಬರ ಬಿದ್ದರೆ ಕಾಳು ಸಾಗಿಸಲು ಅನುಕೂಲ ಅಂತ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿ, ಕುಂದಗೋಳ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹರಿಹರ ಎಲ್ಲ ಒಂದೇ ಹಳಿಗೆ ಪೋಣಿಸಿದ ಊರುಗಳಾದವು. ಹಳಿ ಎಲ್ಲರಿಗೂ ಒಂದೇ ಆಗಿತ್ತು, ನೀರು ಆಗಿರಲಿಲ್ಲ. ಆಗಿನ ಸ್ಟೇಶನ್ನುಗಳಲ್ಲಿ ಹಿಂದೂ ನೀರು ಬೇರೆ, ಮುಸಲ್ಮಾನ ನೀರು ಬೇರೆ. ಮೂರನೆಯ ಕೊಡ ಇರಲಿಲ್ಲ.

1901ರಲ್ಲಿ ಭೀಮರಾವ್ ಎಂಬ ಹುಡುಗ ಅಣ್ಣನ ಜೊತೆ, ಸತಾರಾದಿಂದ ತಂದೆಯಿದ್ದ ಗೋರೆಗಾಂವಕ್ಕೆ ಹೊರಟು ಮಾಸೂರು ಸ್ಟೇಶನ್ನಿನಲ್ಲಿ ಇಳಿದ. ಇದು ನಮ್ಮ ರಟ್ಟೀಹಳ್ಳಿ ಕಡೆಯ ಮಾಸೂರಲ್ಲ, ಮಹಾರಾಷ್ಟ್ರದ್ದು. ಶುಭ್ರ ಬಟ್ಟೆಯ ಮಕ್ಕಳನ್ನು ಕಂಡು ಅಕ್ಕರೆಯಿಂದ ಮಾತಾಡಿಸಿದ ಸ್ಟೇಶನ್ ಮಾಸ್ತರ, ಮಹಾರರು ಅಂತ ತಿಳಿದ ಕೂಡಲೇ ತನ್ನ ಕೋಣೆಗೆ ಹೊರಟುಹೋದ. ಬಾಡಿಗೆ ಗಾಡಿಯವರು ಬರಲೊಲ್ಲರು. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಹುಡುಗರೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು ಅಂತ ತೀರ್ಮಾನವಾಯಿತು. ರಾತ್ರಿಯಿಡೀ ಕುಡಿಯಲು ನೀರಿಲ್ಲ. ಇದನ್ನು ಅಂಬೇಡ್ಕರರೇ ಬರೆದಿಟ್ಟಿದ್ದಾರೆ. ರೈಲು ಜಾತಿಯನ್ನು ಮುರಿಯುತ್ತದೆ ಅಂದವರು ಇದ್ದರು. ರೈಲು ಮುರಿಯಲಿಲ್ಲ. ಜಾತಿ ಟಿಕೇಟಿಲ್ಲದೆ ರೈಲು ಹತ್ತಿತು.

ಇದೇ ನಮ್ಮ ಹಳಿಯ ಮೇಲೆ ಒಬ್ಬ ಗಾಯಕಿಯೂ ಓಡಾಡಿದರು. ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡು ಮನೆಗೆ ಮರಳುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಹಾಡು ತಪ್ಪೀತು ಅಂತ ಅವರಿಗೆ ಭಯವಿರಲಿಲ್ಲ. ಕೆಳಜಾತಿಯವಳು ಅಂತ ಊಟದ ಎಂಜಲೆಲೆ ಎತ್ತಲು ಹೇಳಿಯಾರೇ ಅಂತ ಭಯವಿತ್ತು. ಇದನ್ನು ಅವರು ಮುಂದೆ ತಾವೇ ಹೇಳಿಕೊಂಡಿದ್ದಾರೆ. 2002ರಲ್ಲಿ ಪದ್ಮವಿಭೂಷಣ ಕೊಟ್ಟ ದೇಶ ಅದಕ್ಕೂ ಎಂಟು ದಶಕದ ಹಿಂದೆ ಆ ಹುಡುಗಿಗೆ ಕೊಟ್ಟದ್ದು ಈ ಭಯ. ಗಂಗೂಬಾಯಿಯವರ ದನಿಯಲ್ಲಿರುವ ಗಡಸು ಆಪರೇಶನ್ನಿನಿಂದ ಬಂದದ್ದು ಅನ್ನುತ್ತಾರೆ. ಇರಬಹುದು. ಆ ಭಯವನ್ನು ನುಂಗಿದ ಗಂಟಲು ಅದು ಅನ್ನುವುದನ್ನೂ ಸೇರಿಸಿಕೊಳ್ಳಬೇಕು.

ಈಗ ಚರ್ಮದ ಮಾತಿಗೆ ಬರೋಣ. 1739ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದ ಸ್ಟೋನೊ ಹೊಳೆಯ ಬಳಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸುತ್ತಾ, ಇನ್ನಷ್ಟು ಜನರನ್ನು ಕರೆಯುತ್ತಾ ನಡೆದರು. ದಂಗೆಯನ್ನು ರಕ್ತದಲ್ಲಿ ಮುಳುಗಿಸಿದ ಮೇಲೆ 1740ರಲ್ಲಿ ಧಣಿಗಳು ಒಂದು ಕಾಯಿದೆ ತಂದರು. ಗುಲಾಮರು ಡೋಲು ಬಾರಿಸಬಾರದು. ಅದೇ ಕಾಯಿದೆಯಲ್ಲಿ ಇನ್ನೊಂದು ಕಲಮು: ಗುಲಾಮರಿಗೆ ಬರೆಯುವುದನ್ನು ಕಲಿಸಬಾರದು. ಡೋಲು ಮತ್ತು ಅಕ್ಷರ, ಎರಡಕ್ಕೂ ಒಂದೇ ಬೀಗ! ನಮ್ಮ ಮನೆಯ ಗೋಡೆಯ ಎರಡು ಮೈ ನಮಗೆ ಆಗ ನೆನಪಾಯಿತು.

ಆದರೆ ಇಲ್ಲಿ ನಮಗೂ ಅವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದನ್ನು ಮರೆತು ಹೋಲಿಕೆ ಮಾಡುವುದು ಸುಳ್ಳಾಗುತ್ತದೆ. ಅವರ ಕೈಯಿಂದ ಡೋಲು ಕಿತ್ತುಕೊಂಡರು. ನಮ್ಮ ಕೊರಳಿಗೆ ಹಲಗಿ ಕಟ್ಟಿದರು. ಅವರಿಗೆ ಬಾರಿಸಿದರೆ ಶಿಕ್ಷೆ, ನಮಗೆ ಬಾರಿಸದಿದ್ದರೆ ಶಿಕ್ಷೆ. ಸತ್ತ ದನ ಹೊತ್ತವರು ನಾವು, ತೊಗಲು ಹದ ಮಾಡಿದವರು ನಾವು, ಮಿಣಿ ಬಾರುಕೋಲು ಹೆಣೆದವರು ನಾವು. ಆ ತೊಗಲಿನಿಂದಲೇ ಹಲಗಿ ಬಿಗಿದು, ಬೆಂಕಿಗೆ ಕಾಸಿ, ಊರಿಗೆಲ್ಲ ಸುದ್ದಿ ಮುಟ್ಟಿಸಿದವರೂ ನಾವೇ. ತೊಗಲು ಮುಟ್ಟಿದವರು ಹೊಲಸು, ಆದರೆ ತೊಗಲಿನ ನಾದ ಮಂಗಳ! ದಕ್ಷಿಣದ ಕಚೇರಿಗಳಲ್ಲಿ ಮೃದಂಗ ಬಾರಿಸುವವರಿಗೆ ಸನ್ಮಾನ, ಅದರ ತೊಗಲು ಬಿಗಿಯುವವರಿಗೆ ಹೆಸರೇ ಇಲ್ಲ. ಟಿ.ಎಂ. ಕೃಷ್ಣ 2020ರಲ್ಲಿ ಆ ಮೃದಂಗ ಮಾಡುವವರ ಬಗ್ಗೆಯೇ ಒಂದು ಪುಸ್ತಕ ಬರೆಯಬೇಕಾಯಿತು.

ಡೋಲು ಕಳಕೊಂಡ ಕಪ್ಪುಜನ ಏನು ಮಾಡಿದರು? ಅಂಗೈ ತಟ್ಟಿದರು, ತೊಡೆ ತಟ್ಟಿದರು, ನೆಲಕ್ಕೆ ಕಾಲು ಬಡಿದರು. ಇಗರ್ಜಿಯಲ್ಲಿ ಒಬ್ಬರು ಕೂಗಿದರೆ ಎಲ್ಲರೂ ಮರುಕೂಗು ಕೊಟ್ಟು ಹಾಡಿದರು. ತಲೆಮಾರುಗಳು ಕಳೆದ ಮೇಲೆ ಬಿಳಿಯರ ದಿವಾನಖಾನೆಯ ಪಿಯಾನೊ ಅವರ ಕೈಗೆ ಸಿಕ್ಕಿತು. ಪಿಯಾನೊ ನೋಡಲು ಮೇಜಿನ ಹಾಗೆ ಗಂಭೀರ. ಒಳಗೆ ನೋಡಿದರೆ ತಂತಿಗಳ ಸಾಲು, ತಂತಿಗೆ ಬಡಿಯುವ ಸಣ್ಣ ಸಣ್ಣ ಸುತ್ತಿಗೆಗಳು. ಎಂಬತ್ತೆಂಟು ಮನೆಗಳ ಬಡಿಯುವ ವಾದ್ಯ ಅದು. ಕಿತ್ತುಕೊಂಡ ಡೋಲನ್ನು ಅವರು ಪಿಯಾನೊದೊಳಗೆ ಹುಡುಕಿ ತೆಗೆದರು. ಪೀಟರ್ಸನ್ನರ ಬಲಗೈ ಓಡುವಾಗ ಎಡಗೈ ಹಾಕುವ ಪೆಟ್ಟು ಕೇಳಿದರೆ ಇದು ಗೊತ್ತಾಗುತ್ತದೆ.

ಇನ್ನು ಅಪ್ಪನ ಪ್ರಶ್ನೆ. ಕೂಲಿ ಕೊಟ್ಟರೇ?

ಸುಮ್ಮನೆ ಕೊಡಲಿಲ್ಲ. ಕೇಳಿ ತೆಗೆದುಕೊಂಡರು. ಆಸ್ಕರ್ ಪೀಟರ್ಸನ್ ಹುಟ್ಟಿ ಹತ್ತು ದಿನಕ್ಕೆ ಸರಿಯಾಗಿ, 1925ರ ಆಗಸ್ಟ್ 25ರಂದು, ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಮಲಗುವ ಬೋಗಿಗಳ ಪೋರ್ಟರರು ಸಂಘ ಕಟ್ಟಿದರು. ಅದೇ ಹಾರ್ಲೆಮಿಗೆ ಹೊಂದಿಕೊಂಡ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅಂಬೇಡ್ಕರರು 1913ರಿಂದ 1916ರವರೆಗೆ ಓದಿದ್ದರು. ಸಂಘದ ಮುಂದಾಳು ಎ. ಫಿಲಿಪ್ ರಾಂಡಾಲ್ಫ್. ಅವರು ಪೋರ್ಟರ್ ಆಗಿರಲಿಲ್ಲ, ಹಾಗಾಗಿ ಕಂಪನಿ ಅವರನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಹನ್ನೆರಡು ವರ್ಷ ಹೋರಾಡಿದರು. ಸಂಘ ಸೇರಿದವರನ್ನು ಕಂಪನಿ ಹೊರಗೆ ಹಾಕಿತು, ಗುಪ್ತಚಾರರನ್ನು ಬಿಟ್ಟಿತು. 1937ರ ಆಗಸ್ಟ್ 25ರಂದು ಪುಲ್‌ಮನ್ ಕಂಪನಿ ಕರಾರಿಗೆ ಸಹಿ ಹಾಕಿತು. ತಿಂಗಳಿಗೆ 400 ಗಂಟೆ ಇದ್ದ ದುಡಿಮೆ 240ಕ್ಕೆ ಇಳಿಯಿತು, ಕೂಲಿ ಏರಿತು. ಕೆನಡಾದಲ್ಲಿ ಡೇನಿಯಲ್ ಪೀಟರ್ಸನ್ನರಂಥವರು ದುಡಿಯುತ್ತಿದ್ದ ಕೆನಡಿಯನ್ ಪೆಸಿಫಿಕ್ ಕಂಪನಿ 1945ರಲ್ಲಿ ಇದೇ ಸಂಘದ ಜೊತೆ ಕರಾರು ಮಾಡಿಕೊಳ್ಳಬೇಕಾಯಿತು.

ಈ ಪೋರ್ಟರರ ಸಂಘ ಬರೀ ಕೂಲಿಯ ಸಂಘವಾಗಿ ಉಳಿಯಲಿಲ್ಲ. 1955ರಲ್ಲಿ ಮಾಂಟ್ಗೊಮರಿ ಊರಿನಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದಾಗ ಜಾಮೀನು ಕೊಟ್ಟು ಬಿಡಿಸಿ, ಬಸ್ ಬಹಿಷ್ಕಾರಕ್ಕೆ ಜನ ಕೂಡಿಸಿದವರಲ್ಲಿ ಮುಖ್ಯರಾದ ಇ.ಡಿ. ನಿಕ್ಸನ್ ಪೋರ್ಟರ್ ಆಗಿದ್ದವರು. ಬಹಿಷ್ಕಾರ 381 ದಿನ ನಡೆಯಿತು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿಗೆ ಎರಡೂವರೆ ಲಕ್ಷ ಜನ ನಡೆದು ಬಂದ ಮೆರವಣಿಗೆಯ ಹಿರಿಯ ನಾಯಕರು ಅದೇ ರಾಂಡಾಲ್ಫ್. 'ಜಾರ್ಜ್' ಅಂತ ಕರೆಸಿಕೊಂಡವರು ದೇಶದ ರಾಜಧಾನಿಯಲ್ಲಿ ತಮ್ಮ ಹೆಸರನ್ನು ಕೂಗಿ ಹೇಳಿದ ದಿನ ಅದು.

ಪೀಟರ್ಸನ್ನರ ಬದುಕಿನಲ್ಲೂ ಅವಮಾನ ತಪ್ಪಲಿಲ್ಲ. 1949ರಲ್ಲಿ ನಾರ್ಮನ್ ಗ್ರಾಂಜ್ ಎಂಬ ಸಂಗೀತ ಸಂಘಟಕ ಮಾಂಟ್ರಿಯಲ್ಲಿನಲ್ಲಿ ಟ್ಯಾಕ್ಸಿಯೊಳಗೆ ಕೂತಿದ್ದಾಗ ರೇಡಿಯೋದಲ್ಲಿ ಅವರ ಪಿಯಾನೊ ಕೇಳಿ, ಟ್ಯಾಕ್ಸಿಯನ್ನು ಆ ಜಾಗಕ್ಕೇ ತಿರುಗಿಸಿದರು. ಅದೇ ವರ್ಷ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ನುಡಿಸಿ ಪೀಟರ್ಸನ್ ಲೋಕಪ್ರಸಿದ್ಧರಾದರು. ಆದರೆ 1951ರಲ್ಲಿ, ಅವರದೇ ದೇಶದ ಹ್ಯಾಮಿಲ್ಟನ್ ಊರಿನ ಒಬ್ಬ ಕ್ಷೌರಿಕ ಅವರ ಕೂದಲು ಕತ್ತರಿಸಲು ಒಲ್ಲೆ ಅಂದ. ಇದನ್ನು ಓದಿದಾಗ ನಮ್ಮ ಕಟ್ಟೆಯ ಮೇಲೆ ಯಾರೂ ಮಾತಾಡಲಿಲ್ಲ. ಊರು ಬಿಟ್ಟು ಪೇಟೆಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬರುವ ನಮ್ಮ ಜನ ಕರ್ನಾಟಕದ ಎಷ್ಟು ಹಳ್ಳಿಗಳಲ್ಲಿಲ್ಲ!

ಈ ಗ್ರಾಂಜ್ ಬಗ್ಗೆಯೂ ಹೇಳಬೇಕು. ಅವರು ಬಿಳಿಯರು. ಕಪ್ಪು ಕಲಾವಿದರಿಗೂ ಬಿಳಿ ಕಲಾವಿದರಿಗೂ ಸಮ ಸಂಬಳ ಕೊಟ್ಟರು. ಕೇಳುಗರನ್ನು ಬಣ್ಣ ನೋಡಿ ಬೇರೆ ಬೇರೆ ಕೂಡಿಸುವ ಕಡೆ ಕಾರ್ಯಕ್ರಮವೇ ಇಲ್ಲ ಅಂತ ಕರಾರಿನಲ್ಲಿ ಬರೆಸಿದರು. 1955ರಲ್ಲಿ ಹ್ಯೂಸ್ಟನ್ನಿನಲ್ಲಿ ಹಾಗೆ ಎಲ್ಲರನ್ನೂ ಒಟ್ಟಿಗೆ ಕೂಡಿಸಿದ್ದಕ್ಕೆ ಪೊಲೀಸರು ಬಣ್ಣದ ಕೋಣೆಗೇ ನುಗ್ಗಿ ಎಲ್ಲಾ ಫಿಟ್ಜರಾಲ್ಡ್, ಡಿಜ್ಜಿ ಗಿಲೆಸ್ಪಿಯಂಥ ಕಲಾವಿದರನ್ನು ಹಿಡಿದೊಯ್ದರು. ಕೂಲಿ ಎಷ್ಟು ಅನ್ನುವುದರ ಜೊತೆಗೆ ಕೇಳುವವರು ಎಲ್ಲಿ ಕೂಡುತ್ತಾರೆ ಅನ್ನುವುದೂ ಸಂಗೀತದ ಪ್ರಶ್ನೆಯೇ. ನಮ್ಮ ಗೆಳೆಯ ಹೋಟೆಲಿನ ಬಾಗಿಲ ಹೊರಗೆ ನಿಂತು ಇದನ್ನು ಕೇಳಿದ ಅಂತ ಮೊದಲೇ ಹೇಳಿದೆವು.

ಭಾರತಕ್ಕೆ ಜಾಝ್ ಬಂದಿರಲಿಲ್ಲ ಅಂತಲ್ಲ. 1958ರಲ್ಲಿ ಡೇವ್ ಬ್ರೂಬೆಕ್, 1963ರಲ್ಲಿ ಡ್ಯೂಕ್ ಎಲಿಂಗ್ಟನ್ ಅಮೆರಿಕ ಸರಕಾರದ ಪರವಾಗಿಯೇ ಬಂದು ನುಡಿಸಿ ಹೋದರು. ತನ್ನ ದೇಶದಲ್ಲಿ ಸ್ವಾತಂತ್ರ್ಯ ಇದೆ ಅಂತ ತೋರಿಸಲು ಆ ಸರಕಾರಕ್ಕೆ ಕಪ್ಪುಜನರ ಸಂಗೀತ ಬೇಕಾಗಿತ್ತು. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮ್ ಊರಿನ ಇಗರ್ಜಿಗೆ ಬಿಳಿಯ ಮತಾಂಧರು ಬಾಂಬಿಟ್ಟು ನಾಲ್ಕು ಕಪ್ಪು ಹುಡುಗಿಯರನ್ನು ಕೊಂದರು. ಎಲಿಂಗ್ಟನ್ನರ ತಂಡ ಆಗ ಪರದೇಶದಲ್ಲಿ ಸ್ವಾತಂತ್ರ್ಯದ ರಾಯಭಾರಿ! ಆ ಕಾರ್ಯಕ್ರಮಗಳು ದೊಡ್ಡ ನಗರದ ದೊಡ್ಡವರಿಗೆ. ನಮ್ಮ ಹಿರಿಯರ ಕಿವಿಗೆ ಜಾಝ್ ಬಿದ್ದದ್ದು ಗೋವೆಯ ವಾದಕರು ಹಿಂದಿ ಸಿನಿಮಾ ಹಾಡಿನೊಳಗೆ ಬಚ್ಚಿಟ್ಟು ತಂದಾಗ. 1951ರ 'ಅಲ್ಬೇಲಾ' ಸಿನಿಮಾದ ಹಾಡುಗಳಿಗೆ ಕುಣಿದವರಿಗೆ ತಾವು ಯಾರ ತಾಳಕ್ಕೆ ಕುಣಿಯುತ್ತಿದ್ದೇವೆ ಅಂತ ಗೊತ್ತಿರಲಿಲ್ಲ.

ಬೇರೆ ದಾರಿಯಿಂದ ಸಂಬಂಧ ಬೆಳೆದದ್ದೂ ಉಂಟು. 1946ರಲ್ಲಿ ಅಂಬೇಡ್ಕರರು ಕಪ್ಪುಜನರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು, ಅವರು ಉತ್ತರಿಸಿದರು. 1972ರಲ್ಲಿ ಮುಂಬಯಿಯ ದಲಿತ ತರುಣರು ಬ್ಲ್ಯಾಕ್ ಪ್ಯಾಂಥರರಿಂದ ಹೆಸರು ಪಡೆದು ದಲಿತ ಪ್ಯಾಂಥರ್ಸ್ ಕಟ್ಟಿದರು. ಕರ್ನಾಟಕದಲ್ಲಿ ಎಪ್ಪತ್ತರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಹೆಣದ ಮುಂದಿನ ತಮಟೆಯನ್ನು ಮೆರವಣಿಗೆಯ ಮುಂದಕ್ಕೆ ತಂದಿತು. ವಾದ್ಯ ಅದೇ, ತೊಗಲು ಅದೇ, ಹುಕುಂ ಮಾತ್ರ ಬದಲಾಯಿತು. ಹುಕುಂ ಬದಲಾದ ಕೂಡಲೇ ನಾದ ಬದಲಾಯಿತು.

ಇಷ್ಟು ತಿಳಿದುಕೊಂಡು ನಾವು ಆ ಆಲ್ಬಮ್ಮಿನ ಕೊನೆಯ ತುಣುಕನ್ನು ಮತ್ತೊಮ್ಮೆ ಕೇಳಿದೆವು. 'ಹಿಮ್ ಟು ಫ್ರೀಡಮ್', ಬಿಡುಗಡೆಯ ಸ್ತೋತ್ರ. ಇದು ಪೀಟರ್ಸನ್ನರ ಸ್ವಂತ ರಚನೆ. ಮುದ್ರಣದ ಹೊತ್ತಿನಲ್ಲಿ ಹಳೇ ಬ್ಲೂಸಿನ ಭಾವದ್ದೊಂದು ಬೇಕು ಅಂತ ಗ್ರಾಂಜ್ ಕೇಳಿದಾಗ, ಬಾಲ್ಯದಲ್ಲಿ ಇಗರ್ಜಿಯಲ್ಲಿ ಕೇಳಿದ ಹಾಡುಗಳನ್ನು ನೆನೆದು ಕಟ್ಟಿದ್ದು. ಮಾತುಗಳು ಆಮೇಲೆ ಸೇರಿದವು, ಅದು ನಾಗರಿಕ ಹಕ್ಕುಗಳ ಚಳುವಳಿಯ ಹಾಡಾಯಿತು. ಮೊದಲು ಪಿಯಾನೊ ಒಂದೇ, ಮೆಲ್ಲಗೆ, ದಣಿದು ಮನೆಗೆ ಬಂದವನ ಹೆಜ್ಜೆಯಂತೆ. ಆಮೇಲೆ ಬಾಸ್ ಬಂದು ಹೆಗಲು ಕೊಡುತ್ತದೆ. ಡ್ರಮ್ ಸೇರುತ್ತದೆ. ಅವಸರವಿಲ್ಲ. ಸ್ವರಗಳು ಒಂದರ ಮೇಲೊಂದು ಏರಿ ಏರಿ ಜನಸಂದಣಿಯಾಗುತ್ತವೆ. ಎರಡು ಕೈ ಬಾರಿಸಿದ್ದು ಸಾವಿರ ಕಾಲಿನ ಸದ್ದಾಗುತ್ತದೆ. ಮೊದಲ ಸಲ ಕೇಳಿದಾಗ ನಮಗೆ ಇದು ಇಂಪಾದ ಸಂಗೀತ ಮಾತ್ರವಾಗಿತ್ತು. ಈಗ ಅದರ ಕೆಳಗೆ ಹಳಿ ಕೇಳಿಸಿತು, ಪೋರ್ಟರರ ಸಂಘ ಕೇಳಿಸಿತು. ಬಿಡುಗಡೆಯನ್ನು ಹಾಡೊಂದೇ ತರುವುದಿಲ್ಲ. ಹಾಡಿನ ಹಿಂದೆ ಸಂಘ ಇರಬೇಕು. ಸಂಘ ಇದ್ದರೆ ಹಾಡಿಗೆ ಬೆನ್ನೆಲುಬು ಬರುತ್ತದೆ.

ನಮ್ಮ ಅಗಡಿ ಕನ್ನಡದ ಚರಿತ್ರೆಯಲ್ಲಿ ಹೆಸರಿಲ್ಲದ ಊರಲ್ಲ. ಇಲ್ಲಿಯ ಆನಂದವನದಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದನ್ನು ಸಂಪಾದಿಸಿ, ಕಾದಂಬರಿ ಬರೆದು, ಪುಸ್ತಕ ಹೊತ್ತು ಮಾರಿ ಕನ್ನಡಕ್ಕೆ ಓದುಗರನ್ನು ಕೊಟ್ಟರು. ಆ ಉಪಕಾರವನ್ನು ನಾವು ಸಣ್ಣದು ಮಾಡುವುದಿಲ್ಲ. ಆದರೆ ನಮ್ಮ ಮನೆಗೆ ಅಕ್ಷರ ಬಂದದ್ದು ಅದಾಗಿ ನೂರು ವರ್ಷದ ಮೇಲೆ. ಆ ನೂರು ವರ್ಷವೂ ಅದೇ ಊರಿನ ನಮ್ಮ ಓಣಿಯಲ್ಲಿ ಹಲಗಿ ಇತ್ತು. ಯಾವ ಪೆಟ್ಟಿಗೆ ಏನು ಹೆಸರು, ಯಾವ ಹಿರಿಯ ಯಾವ ನಡೆ ಕಟ್ಟಿದ, ಯಾರೂ ಬರೆದಿಡಲಿಲ್ಲ. ಎಲಿಂಗ್ಟನ್ನರ ಎರಡು ಸ್ವರಕ್ಕೆ ಅವರ ಹೆಸರಿದೆ. ನಮ್ಮ ಅಜ್ಜನ ಎರಡು ಪೆಟ್ಟಿಗೆ ಯಾರ ಹೆಸರೂ ಇಲ್ಲ.

1928ರಲ್ಲಿ ಅಂಬೇಡ್ಕರರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಹಾರ ವತನದ ಬಿಟ್ಟಿ ಚಾಕರಿಯ ವಿರುದ್ಧ ಮಸೂದೆ ಮಂಡಿಸಿದರು. ಅಗಡಿ ಆಗ ಮುಂಬಯಿ ಪ್ರಾಂತ್ಯದಲ್ಲೇ ಇತ್ತು, ಅದು ನಮ್ಮದೂ ಮಸೂದೆ. ಮಾನವರಿಂದ ಬಿಟ್ಟಿ ದುಡಿಸುವುದನ್ನು ಸಂವಿಧಾನದ 23ನೇ ವಿಧಿ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಊರ ಚಾಕರಿಗಳನ್ನು ರದ್ದು ಮಾಡಿದ 1961ರ ಕಾಯಿದೆ ಜಾರಿಗೆ ಬಂದದ್ದು 1963ರ ಫೆಬ್ರುವರಿಯಲ್ಲಿ, 'ನೈಟ್ ಟ್ರೇನ್' ಹೊರಬಂದ ವರ್ಷವೇ. ಕಾಯಿದೆ ಬಂದ ಮೇಲೂ ಅಜ್ಜ ದಶಕಗಟ್ಟಲೆ ಹಲಗಿ ಹೊತ್ತ. ಕಾಗದದ ಮೇಲಿನ ಬಿಡುಗಡೆ ಓಣಿಯವರೆಗೆ ನಡೆದು ಬರಲು ಸಂಘವೇ ಬೇಕು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆವು. ಪೋರ್ಟರರ ಕತೆ ಹೇಳಿದೆವು, 400 ಗಂಟೆ 240 ಆದದ್ದನ್ನು ಹೇಳಿದೆವು. ಅವನು ಮತ್ತೊಂದು ಬೀಡಿ ಹಚ್ಚಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಹಂಗಾದ್ರ ಮೊದ್ಲ ಕರಾರು ಆಗ್ಲಿ. ಆಮ್ಯಾಲೆ ಹಲಗಿ."

ಓಣಿಯ ಹುಡುಗರು ಕೂತು ಕರಾರು ಬರೆದೆವು. ಹೆಣದ ಮುಂದೆ ಬಿಟ್ಟಿ ಬಾರಿಸುವುದಿಲ್ಲ, ಯಾರೇ ಸತ್ತಿರಲಿ. ಕರೆಯುವವರು ಹೆಸರು ಹಿಡಿದು, ಬಹುವಚನದಲ್ಲಿ ಕರೆಯಬೇಕು. ಕೂಲಿ ಮೊದಲೇ ಮಾತಾಗಬೇಕು. ಬಾರಿಸಿದವರು ಎಲ್ಲರ ಸಾಲಿನಲ್ಲೇ ಕೂತು ಉಣ್ಣುತ್ತಾರೆ. ತೇರು ಎಲ್ಲಿಯವರೆಗೆ ಹೋಗುತ್ತದೋ ಹಲಗಿಯವನೂ ಅಲ್ಲಿಯವರೆಗೆ ಹೋಗುತ್ತಾನೆ. ಓಣಿಯ ಹಿರಿಯರಿಗೆ ಗೊತ್ತಿರುವ ನಡೆಗಳನ್ನೆಲ್ಲ ಹೆಸರು ಸಮೇತ ಬರೆದಿಡುವುದು. ಇಷ್ಟೂ ಆಗದಿದ್ದರೆ ಹಲಗಿ ಗೂಟದ ಮೇಲೆಯೇ ಇರಲಿ.

ಊರು ಒಪ್ಪುತ್ತದೋ ಇಲ್ಲವೋ, ನಾವು ಕಾದು ನೋಡುವವರಲ್ಲ. ಬರೆದಿಡುವ ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ, ಅದನ್ನು ಶುರು ಮಾಡಿದ್ದೇವೆ. ಮೊನ್ನೆ ನಡೆಗಳನ್ನು ಬರೆದುಕೊಳ್ಳಲು ಕೂತಾಗ ಒಂದು ಪೆಟ್ಟು ನಮಗೆ ತಿಳಿಯಲಿಲ್ಲ. ಅಪ್ಪ ಎದ್ದು ಹಿತ್ತಲಿಗೆ ಹೋದ. ಹಲಗಿ ಇಳಿಸಿಕೊಂಡು ಬಂದ. ತೊಗಲು ಸಡಿಲಾಗಿತ್ತು. "ಮೊದ್ಲ ಕಾಸ್ರಿ ಇದನ್ನ" ಅಂದ. ನಾವು ಬೆಂಕಿ ಮಾಡಿದೆವು.